ಪೇಟೆ ಮತ್ತು ದಂಡು: ಬೆಂಗಳೂರಿನ ಪೌರಸಂಸ್ಥೆಯ ಭೂಚರಿತ್ರೆ

ಪೌರಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಅದರ ಅಧ್ಯಕ್ಷರ ನಾಮಾವಳಿಯನ್ನೂ, ಕಟ್ಟಿಸಿದ ಆಸ್ಪತ್ರೆ ಮಾರುಕಟ್ಟೆಗಳ ವಿವರವನ್ನೂ, ವರ್ಷವರ್ಷದ ಆಯವ್ಯಯದ ಲೆಕ್ಕವನ್ನೂ ಕ್ರಮವಾಗಿ ಜೋಡಿಸಿಕೊಟ್ಟು ತೃಪ್ತರಾಗುವುದು ವಾಡಿಕೆ. ಅವೆಲ್ಲವೂ ಬೇಕಾದವುಗಳೇ ಹೌದು. ಆದರೆ ಬೆಂಗಳೂರಿನ ಪೌರಾಡಳಿತದ ಕಥೆ ಅಷ್ಟರಿಂದ ಪೂರ್ಣವಾಗಲಾರದು. ಏಕೆಂದರೆ ಇಲ್ಲಿ ಪೌರಸಂಸ್ಥೆ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಊರಿನ ನೆಲ ಇಬ್ಭಾಗವಾಗಿದ್ದಿತು. ಆ ಎರಡು ಭಾಗಗಳಿಗೆ ಒಡೆತನ ಬೇರೆ, ಬೀದಿಯ ಕ್ರಮ ಬೇರೆ, ಕಾಲಕ್ರಮದಲ್ಲಿ ನ್ಯಾಯಸ್ಥಾನವೂ ಪೊಲೀಸು ಠಾಣೆಯೂ ಬೇರೆ. ಪೌರಸಂಸ್ಥೆಯು ಆ ಗೆರೆಯ ಎರಡು ಪಕ್ಕಗಳಲ್ಲಿ ಎರಡಾಗಿಯೇ ಹುಟ್ಟಿ, 87 ವರ್ಷಗಳ ಕಾಲ ಎರಡಾಗಿಯೇ ಬೆಳೆದು, 1949ರಲ್ಲಿ ಒಂದಾಯಿತು. ಕಾಯಿದೆ ಒಂದಾದೊಡನೆ ನೆಲವೂ ಒಂದಾಯಿತೆ, ಆಗದೆ ಉಳಿದುದೆಷ್ಟು, ಅದಕ್ಕೆ ಹೊಣೆಗಾರರು ಯಾರು ಎಂಬುದನ್ನು ಈ ಸಂಚಿಕೆಯ ಓದುಗರ ಮುಂದೆ ಇರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪೇಟೆಯ ನೆಲ

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಸ್ಥಾಪಿಸಿದರೆಂದು ಪರಂಪರೆ ಹೇಳುವ ಬೆಂಗಳೂರು ವೃತ್ತಿನಿರತರ ಊರು. ದೊಡ್ಡಪೇಟೆ ಚಿಕ್ಕಪೇಟೆಗಳೆಂಬ ಎರಡು ಬೀದಿಗಳು ಕೂಡುವ ಚೌಕವನ್ನು ನಡುವಾಗಿ ಇಟ್ಟುಕೊಂಡು ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಕೇರಿಗಳು ಸುತ್ತಲೂ ಹಬ್ಬಿದವು. ಇಲ್ಲಿ ಮನೆಯೆಂಬುದು ವಾಸಕ್ಕೂ ಕಸುಬಿಗೂ ಒಂದೇ. ಬೀದಿಗೆ ತಾಗಿದ ಜಗಲಿಯಲ್ಲಿ ವ್ಯಾಪಾರ, ಅದರ ಹಿಂದೆ ಮಗ್ಗವೋ ಗಾಣವೋ ದಾಸ್ತಾನಿನ ಕೋಣೆಯೋ, ಅದಕ್ಕೂ ಒಳಗೆ ಅಡುಗೆಮನೆ, ಬಚ್ಚಲು, ಹಿತ್ತಲು. ಪಕ್ಕದ ಮನೆಯವರಿಗೂ ತಮಗೂ ಗೋಡೆ ಒಂದೇ. ಮನೆಯ ಮುಂದೆ ಖಾಲಿ ನೆಲ ಬಿಟ್ಟು ಅದನ್ನು ಗೋಡೆಯಿಂದ ಆವರಿಸಿಕೊಳ್ಳುವ ಪದ್ಧತಿ ಈ ಊರಿಗೆ ಅಪರಿಚಿತವಾಗಿದ್ದಿತು. ಊರಿನ ಹೊರವಲಯದಲ್ಲಿ ಕೆರೆಗಳ ಸರಣಿ; ಕೆರೆಯ ಕೆಳಗಣ ಅಚ್ಚುಕಟ್ಟಿನಲ್ಲಿ ಗದ್ದೆ ತೋಟಗಳು; ತೂಬನ್ನು ತೆಗೆದು ಮುಚ್ಚಿ ಪಾಲಿನ ನೀರು ಬಿಡುವ ನೀರಗಂಟಿ, ಗ್ರಾಮಸೇವೆಯ ತೋಟಿ, ತಳವಾರರು; ಅವರವರ ಸೇವೆಗೆಂದು ಬಿಟ್ಟುಕೊಟ್ಟ ಇನಾಂ ಭೂಮಿಗಳು.

ಈ ವ್ಯವಸ್ಥೆಯನ್ನು ನಿರ್ದೋಷವೆಂದು ಕೊಂಡಾಡುವುದು ಸತ್ಯಕ್ಕೆ ಅಪಚಾರವಾದೀತು. ಕೇರಿಗಳು ಕಸುಬಿಗೆ ಅನುಸಾರವಾಗಿದ್ದವೆಂದರೆ ಜಾತಿಗೆ ಅನುಸಾರವಾಗಿದ್ದವೆಂದೇ ಅರ್ಥ. ಅಸ್ಪೃಶ್ಯರೆನಿಸಿಕೊಂಡವರ ವಸತಿ ಊರಿನ ಅಂಚಿನಲ್ಲಿ, ನೀರೂ ದಾರಿಯೂ ದೂರವಾದ ಎಡೆಯಲ್ಲಿ ಇದ್ದಿತು. ಭೂಮಿಯ ಮೇಲೆ ಅವರಿಗಿದ್ದ ಹಕ್ಕು ಊಳಿಗಕ್ಕೆ ಕಟ್ಟಿಹಾಕಿದ ಹಕ್ಕು. ಪರರಾಜ್ಯಭಾರವು ಬಂದಾಗ ಸಮಭೂಮಿಯನ್ನು ಕಂಡು ಅದರ ಮೇಲೆ ಮೊದಲ ಗೆರೆಯನ್ನು ಎಳೆಯಲಿಲ್ಲ. ಆಗಲೇ ಗೆರೆಗಳಿದ್ದ ನೆಲದ ಮೇಲೆ ಇನ್ನೂ ಆಳವಾದ, ಶಾಸನಬದ್ಧವಾದ ಮತ್ತೊಂದು ಗೆರೆಯನ್ನು ಎಳೆಯಿತು. ಮುಂದಿನದೆಲ್ಲವನ್ನೂ ಈ ಎಚ್ಚರದಿಂದಲೇ ಓದಿಕೊಳ್ಳಬೇಕು.

ದಂಡು ಬಂದು ನೆಲೆಸಿದುದು

1791ರ ಮಾರ್ಚ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯವು ಮೊದಲು ಪೇಟೆಯನ್ನೂ ಅನಂತರ ಕೋಟೆಯನ್ನೂ ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಮೈಸೂರು ರಾಜ್ಯ ಒಡೆಯರ ವಂಶಕ್ಕೆ ಮರಳಿದ ಮೇಲೆ, ಕಂಪನಿಯ ಸೈನ್ಯವು ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಜ್ವರಕ್ಕೆ ಸಿಪಾಯಿಗಳು ತುತ್ತಾಗುತ್ತಿದ್ದುದರಿಂದ, 1809ರಲ್ಲಿ ಸೈನ್ಯದ ಠಾಣೆಯನ್ನು ಬೆಂಗಳೂರಿನ ಪೇಟೆಗೆ ಈಶಾನ್ಯದಲ್ಲಿದ್ದ ಹಲಸೂರಿನ ಬಯಲಿಗೆ ವರ್ಗಾಯಿಸಲಾಯಿತು. ಸೋಮೇಶ್ವರನ ದೇವಸ್ಥಾನವನ್ನೂ ಕೆರೆಯನ್ನೂ ಉಳ್ಳ ಹಲಸೂರು, ದೊಮ್ಮಲೂರು ಮೊದಲಾದ ಹಳ್ಳಿಗಳು, ಅವುಗಳ ಹೊಲಗದ್ದೆಗಳು, ಗೋಮಾಳಗಳು, ಕೆರೆಯಂಗಳಗಳು ಕ್ರಮಕ್ರಮವಾಗಿ ಈ ದಂಡಿನ ಎಲ್ಲೆಯೊಳಕ್ಕೆ ಸೇರಿಕೊಂಡವು. ಜನ ಅದನ್ನು ದಂಡು ಎಂದೇ ಕರೆದರು; ರೈಲು ನಿಲ್ದಾಣದ ಫಲಕದಲ್ಲಿ ಇಂದಿಗೂ ಬೆಂಗಳೂರು ದಂಡು ಎಂದೇ ಬರೆದಿದೆ.

ದಂಡಿನ ಭೂವಿನಿಯೋಗದ ಹಿಂದೆ ಎರಡು ತತ್ತ್ವಗಳಿದ್ದವು. ಮೊದಲನೆಯದು ಸೈನಿಕ ಸೌಕರ್ಯ: ಕವಾಯತಿಗೆ ವಿಶಾಲವಾದ ಬಯಲು, ಅದರ ಸುತ್ತ ಪದಾತಿ, ಅಶ್ವದಳ, ಫಿರಂಗಿದಳಗಳ ಬಿಡಾರಗಳು, ಆ ಬಿಡಾರಗಳಿಂದ ಹೊರಡುವ ನೇರವಾದ ರಸ್ತೆಗಳು. ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ, ಬ್ರಿಗೇಡ್ ರಸ್ತೆ ಎಂಬ ಹೆಸರುಗಳೆಲ್ಲ ಆ ಕಾಲದ ಭೂಪಟದ ಅವಶೇಷಗಳು. ಎರಡನೆಯದು ಆರೋಗ್ಯದ ಹೆಸರಿನಲ್ಲಿ ನಡೆದ ಪ್ರತ್ಯೇಕತೆ. ಕೆಟ್ಟ ಗಾಳಿಯಿಂದಲೂ ಜನದಟ್ಟಣೆಯಿಂದಲೂ ರೋಗ ಹುಟ್ಟುತ್ತದೆಂದು ನಂಬಿದ್ದ ಆ ಕಾಲದ ವೈದ್ಯಶಾಸ್ತ್ರವು, ಯೂರೋಪಿಯನ್ನರ ವಸತಿಗಳು ದೇಶೀಯರ ವಸತಿಗಳಿಂದ ದೂರವಾಗಿರತಕ್ಕದ್ದೆಂದು ವಿಧಿಸಿತು. ಆದುದರಿಂದ ಬಂಗಲೆಯ ಸುತ್ತ ಎಕರೆಗಟ್ಟಲೆ ಕಾಂಪೌಂಡು, ನಡುವೆ ಕಂಬಸಾಲಿನ ಮನೆ, ಅದರ ಬೆನ್ನಿಗೆ ದೂರದಲ್ಲಿ ಅಡುಗೆಯವರು, ಕುದುರೆಯಾಳುಗಳು, ತೋಟದ ಮಾಲಿಗಳು ತಂಗುವ ಸಾಲುಕೋಣೆಗಳು. ಒಬ್ಬ ಅಧಿಕಾರಿಯ ಕಾಂಪೌಂಡಿನಷ್ಟು ನೆಲದಲ್ಲಿ ಚಿಕ್ಕಪೇಟೆಯ ಒಂದು ಬೀದಿಯೇ ಬಾಳಿ ಬದುಕುತ್ತಿದ್ದಿತೆಂಬುದನ್ನು ನೆನೆದರೆ ಈ ವಿನಿಯೋಗದ ಸ್ವರೂಪ ಸ್ಪಷ್ಟವಾಗುತ್ತದೆ.

ಆದರೆ ದಂಡು ತನ್ನಷ್ಟಕ್ಕೆ ತಾನೇ ಬದುಕಬಲ್ಲುದಾಗಿರಲಿಲ್ಲ. ಮಾಂಸ, ತರಕಾರಿ, ಹುಲ್ಲು, ಬಟ್ಟೆ, ಚರ್ಮದ ಸಾಮಾನು, ಗಾಡಿ, ಗಾರೆ ಕೆಲಸ ಇವೆಲ್ಲಕ್ಕೂ ಜನ ಬೇಕು. ಸೈನ್ಯದ ಬೆನ್ನ ಹಿಂದೆ ತಮಿಳುನಾಡಿನ ಆರ್ಕಾಟು ಸೀಮೆಯಿಂದ ಗುತ್ತಿಗೆದಾರರೂ ವರ್ತಕರೂ ಕೂಲಿಕಾರರೂ ಬಂದು ನೆಲೆಸಿದರು. ಅವರಲ್ಲಿ ಕೆಲವರು ದಂಡಿನ ಗುತ್ತಿಗೆಗಳಿಂದ ಐಶ್ವರ್ಯವಂತರಾಗಿ, ಆರ್ಕಾಟು ನಾರಾಯಣಸ್ವಾಮಿ ಮೊದಲಿಯಾರರಂತೆ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ಊರಿಗೆ ಉಪಕಾರಿಗಳಾದರು. ಮಿಕ್ಕ ಬಹುಸಂಖ್ಯಾತರು ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿಯೂ ಹಲಸೂರಿನಲ್ಲಿಯೂ ನಾಕ್ಸ್‌ಪೇಟೆಯಲ್ಲಿಯೂ ಒತ್ತೊತ್ತಾಗಿ ಗುಡಿಸಲು ಹಾಕಿಕೊಂಡರು. ಹೀಗೆ, ಪೇಟೆಯಿಂದ ದೂರವಿರಬೇಕೆಂದು ಕಟ್ಟಿದ ದಂಡಿನ ಒಳಗೇ ವಿಸ್ತಾರವಾದ ಬಂಗಲೆಗಳ ಒಂದು ಭಾಗ, ಇಕ್ಕಟ್ಟಾದ ಬಜಾರಿನ ಇನ್ನೊಂದು ಭಾಗ ಏರ್ಪಟ್ಟವು. ಪೇಟೆಗೂ ದಂಡಿಗೂ ನಡುವೆ 1868ರಲ್ಲಿ ಮುಗಿದ, ಸರ್ಕಾರದ ಕಚೇರಿಗಳ ಕಟ್ಟಡವಾದ ಅಠಾರಾ ಕಚೇರಿ ತಲೆಯೆತ್ತಿತು. ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ 1870ರಲ್ಲಿ ಕಬ್ಬನ್ ಉದ್ಯಾನ ರೂಪುಗೊಂಡಿತು. ಇಂದು ಊರಿನ ಉಸಿರಿನಂತಿರುವ ಆ ಉದ್ಯಾನವೇ ಅಂದು ಎರಡು ಊರುಗಳ ನಡುವಣ ಅಂತರವನ್ನು ಶಾಶ್ವತಗೊಳಿಸಿತೆಂಬುದೂ ನಿಜ.

ಎರಡು ಪೌರಸಭೆಗಳು

1831ರಿಂದ ಒಡೆಯರ ಬದಲಾಗಿ ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳಿದರು. ಮಾರ್ಕ್ ಕಬ್ಬನನ ತರುವಾಯ ಬಂದ ಬೌರಿಂಗನ ಕಾಲದಲ್ಲಿ, 1850ರ ಪಟ್ಟಣ ಸುಧಾರಣೆಯ ಕಾಯಿದೆಯ ಮೇರೆಗೆ 1862ರಲ್ಲಿ ಬೆಂಗಳೂರಿಗೆ ಪೌರಸಭೆ ಬಂದಿತು. ಬಂದದ್ದು ಒಂದಲ್ಲ, ಎರಡು: ಪೇಟೆಗೆ ಒಂದು, ದಂಡಿಗೆ ಒಂದು. ರಾಜ್ಯವಿಡೀ ಒಂದೇ ಕಮಿಷನರನ ಆಳ್ವಿಕೆಯಲ್ಲಿದ್ದಾಗಲೂ ಎರಡು ಸಭೆಗಳನ್ನು ಸ್ಥಾಪಿಸಿದುದನ್ನು ಓದುಗರು ಗಮನಿಸಬೇಕು. ರಾಜಕೀಯ ಸೀಮೆ ಬೇರೆಯಾಗುವುದಕ್ಕೆ ಮೊದಲೇ ಪೌರಸೀಮೆ ಬೇರೆಯಾಗಿದ್ದಿತು.

1881ರಲ್ಲಿ ಮೈಸೂರು ಮಹಾರಾಜರಿಗೆ ರಾಜ್ಯವು ಹಿಂತಿರುಗಿದಾಗ ಈ ಭೇದ ಪರಿಪೂರ್ಣವಾಯಿತು. ಸುಮಾರು 13 ಚದರ ಮೈಲಿ ವಿಸ್ತೀರ್ಣದ ದಂಡಿನ ಪ್ರದೇಶವನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷ್ ಸರ್ಕಾರದ ಅಧಿಕಾರಕ್ಕೆ ಒಪ್ಪಿಸಲಾಯಿತು. ಅಲ್ಲಿ ಬ್ರಿಟಿಷ್ ರೆಸಿಡೆಂಟನ ಆಡಳಿತ, ಪೇಟೆಯಲ್ಲಿ ಮಹಾರಾಜರ ದಿವಾನರ ಆಡಳಿತ. ಒಂದು ರಸ್ತೆಯನ್ನು ದಾಟಿದರೆ ಕಾನೂನು, ಕೋರ್ಟು, ಪೊಲೀಸು, ತೆರಿಗೆ ಎಲ್ಲವೂ ಬೇರೆ. 1901ರ ಜನಗಣತಿಯ ವೇಳೆಗೆ ಪೇಟೆಯ ಜನಸಂಖ್ಯೆ 69,447, ದಂಡಿನದು 89,599. ಅರಮನೆಯೂ ಸರ್ಕಾರದ ಕಚೇರಿಗಳೂ ಇದ್ದ ಊರಿನಲ್ಲಿ ಹೆಚ್ಚು ಜನ ಮಹಾರಾಜರ ಅಧಿಕಾರವ್ಯಾಪ್ತಿಯ ಹೊರಗೆ ವಾಸಿಸುತ್ತಿದ್ದರೆಂಬುದನ್ನು ಈ ಅಂಕಿಗಳು ಸಾರುತ್ತವೆ. ಮದರಾಸಿನ ಕಡೆಯಿಂದ ರೈಲು 1864ರಲ್ಲಿಯೇ ದಂಡಿಗೆ ತಲುಪಿದ್ದರೆ, ಪೇಟೆಯ ನಿಲ್ದಾಣಕ್ಕೆ ಅದು ಬಂದದ್ದು ಹದಿನೆಂಟು ವರ್ಷಗಳ ಅನಂತರ.

ಜನಾಂಗಾನುಸಾರವಾದ ವಸತಿಯ ಕಲ್ಪನೆ ಊರಿನ ಹೊರಗಣ ಕೃಷಿಭೂಮಿಗೂ ಹಬ್ಬಿದುದಕ್ಕೆ ವೈಟ್‌ಫೀಲ್ಡ್ ನಿದರ್ಶನ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೃಷಿವಸತಿಗಾಗಿ ದಯಪಾಲಿಸಿದರು. ಸಂಘದ ಪ್ರಮುಖರಾಗಿದ್ದ ಡಿ. ಎಸ್. ವೈಟರ ಹೆಸರು ಆ ವಸತಿಗೆ ಉಳಿಯಿತು. ಯೂರೋಪಿಯನ್ನರು ಪೂರ್ತಿಯಾಗಿ ತಮ್ಮವರೆಂದು ಒಪ್ಪಿಕೊಳ್ಳದಿದ್ದ, ದೇಶೀಯ ಸಮಾಜದಲ್ಲಿಯೂ ಸ್ಥಾನವಿಲ್ಲದಿದ್ದ ಒಂದು ಸಮುದಾಯಕ್ಕೆ ಸ್ವಂತ ನೆಲದ ಆಸರೆ ಕೊಡಬೇಕೆಂಬ ಉದ್ದೇಶ ಉದಾರವಾದುದೇ. ಆದರೆ ಮನುಷ್ಯನ ಹುಟ್ಟನ್ನು ನೋಡಿ ಅವನ ನೆಲವನ್ನು ನಿರ್ಣಯಿಸುವ ಪದ್ಧತಿ ಎಷ್ಟು ಸಹಜವಾಗಿಬಿಟ್ಟಿದ್ದಿತೆಂದರೆ, ಉಪಕಾರ ಮಾಡುವಾಗಲೂ ಅದನ್ನು ಆ ಪದ್ಧತಿಯಲ್ಲಿಯೇ ಮಾಡಬೇಕಾಯಿತು.

ಪ್ಲೇಗಿನಿಂದ ಹುಟ್ಟಿದ ಬಡಾವಣೆಗಳು

1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಪೌರಸಂಸ್ಥೆಯ ಚರಿತ್ರೆಯಲ್ಲಿ ಇಷ್ಟು ದೂರಗಾಮಿಯಾದ ಘಟನೆ ಮತ್ತೊಂದಿಲ್ಲ. ಮನೆಗಳ ಶೋಧನೆ, ರೋಗಿಗಳನ್ನೂ ಅವರ ಸಂಬಂಧಿಕರನ್ನೂ ಶಿಬಿರಗಳಿಗೆ ಸಾಗಿಸುವುದು, ಸೋಂಕಿದ ಮನೆಗಳ ಮಾಡು ತೆಗೆಸುವುದು, ಕೆಡಹುವುದು; ಜನ ಊರು ಬಿಟ್ಟು ಬಯಲು ಸೇರಿದರು. ಅದಕ್ಕೆ ಕೆಲವು ವರ್ಷ ಮುಂಚೆಯೇ, ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ, ಚಾಮರಾಜಪೇಟೆ ಶೇಷಾದ್ರಿಪುರಗಳು ರಚಿತವಾಗಿದ್ದವು. ಪ್ಲೇಗಿನ ಭೀತಿಯಿಂದ ಬಸವನಗುಡಿ ಮಲ್ಲೇಶ್ವರಗಳ ಕಾರ್ಯ ತ್ವರಿತವಾಗಿ ಸಾಗಿತು. ಆಯತಾಕಾರದ ನಿವೇಶನಗಳು, ಅಡ್ಡರಸ್ತೆ ಮುಖ್ಯರಸ್ತೆಗಳ ಕ್ರಮಬದ್ಧ ಜಾಲ, ಮನೆಯ ಸುತ್ತ ಕಡ್ಡಾಯವಾಗಿ ಬಿಡಬೇಕಾದ ಜಾಗ, ಉದ್ಯಾನಗಳು ಇವೆಲ್ಲ ಪೇಟೆಯ ಜನಕ್ಕೆ ಹೊಸದಾದ, ಗಾಳಿ ಬೆಳಕುಗಳಿಂದ ಕೂಡಿದ ಬಾಳನ್ನು ತಂದುಕೊಟ್ಟವು. ಗೆರೆಯ ಆಚೆಯಲ್ಲಿ ದಂಡಿನ ಪೌರಸಭೆಯೂ ಫ್ರೇಜರ್ ಟೌನ್ ಮೊದಲಾದ ಆರೋಗ್ಯಕರ ಬಡಾವಣೆಗಳನ್ನು ನಿರ್ಮಿಸಿತು.

ಈ ಬಡಾವಣೆಗಳ ಒಂದು ಅಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಲ್ಲೇಶ್ವರದ ಅಥವಾ ಬಸವನಗುಡಿಯ ಹಳೆಯ ಅಡ್ಡರಸ್ತೆಗಳ ನಡುವೆ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಮನೆಸಾಲುಗಳ ಹಿಂದೆ, ಕೈಗಾಡಿಯೊಂದು ಹೋಗುವಷ್ಟು ಅಗಲದ ಗಲ್ಲಿ ಇದೆ. ಕನ್ಸರ್ವೆನ್ಸಿ ಗಲ್ಲಿ ಎಂದು ಹಳಬರು ಕರೆಯುತ್ತಾರೆ. ಮನೆಯ ಕಕ್ಕಸು ಹಿತ್ತಲಿನ ತುದಿಯಲ್ಲಿ, ಅದರ ಹಿಂಬಾಗಿಲು ಆ ಗಲ್ಲಿಗೆ. ಪೌರಸಭೆಯ ಜಾಡಮಾಲಿ ಆ ಕಿರುಬಾಗಿಲನ್ನು ತೆರೆದು, ಮಲವನ್ನು ಬಕೆಟ್ಟಿಗೆ ತೆಗೆದುಕೊಂಡು, ಗಾಡಿಗೆ ಸುರಿದು, ಮುಂದಿನ ಮನೆಯ ಹಿಂಬಾಗಿಲಿಗೆ ಹೋಗುತ್ತಿದ್ದ. ಮನೆಯವರ ಮುಖ ಆತ ಕಾಣಬೇಕಾಗಿರಲಿಲ್ಲ. ಆತನ ಮುಖವನ್ನು ಮನೆಯವರು ಕಾಣಬೇಕಾಗಿರಲಿಲ್ಲ. ಆರೋಗ್ಯಶಾಸ್ತ್ರದ ಆಧುನಿಕ ವಿನ್ಯಾಸವೂ ಅಸ್ಪೃಶ್ಯತೆಯ ಪುರಾತನ ಆಚಾರವೂ ಒಂದೇ ನಕ್ಷೆಯಲ್ಲಿ ವಿರೋಧವಿಲ್ಲದೆ ಕೂಡಿಕೊಂಡುದಕ್ಕೆ ಈ ಗಲ್ಲಿ ಸಾಕ್ಷಿ. ಆ ಕೆಲಸ ಮಾಡುತ್ತಿದ್ದವನಿಗೆ ಆ ಬಡಾವಣೆಯಲ್ಲಿ ನಿವೇಶನವಿರಲಿಲ್ಲ. ನಿವೇಶನಗಳು ಬೆಲೆಯನ್ನೂ ನಿಯಮಾನುಸಾರವಾಗಿ ಮನೆ ಕಟ್ಟುವ ವೆಚ್ಚವನ್ನೂ ಭರಿಸಬಲ್ಲವರಿಗೆ ದೊರೆತವು. ಅವುಗಳ ಹಂಚಿಕೆಯಲ್ಲಿ ಆಯಾ ಸಮುದಾಯದವರು ಒಂದೆಡೆ ಸೇರುವಂತೆ ವಿಂಗಡಣೆಯೂ ನಡೆಯಿತು. ದಂಡಿನಲ್ಲಿ ವಿದೇಶೀಯರು ವರ್ಣವನ್ನು ನೋಡಿ ಮಾಡಿದುದನ್ನು ಬಡಾವಣೆಗಳಲ್ಲಿ ನಮ್ಮವರು ಜಾತಿಯನ್ನು ನೋಡಿ ಮಾಡಿದರು. ನಮ್ಮ ಪೌರಸಂಸ್ಥೆಯ ಅನೇಕ ಸತ್ಕಾರ್ಯಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಇದನ್ನೂ ನೇರವಾಗಿ ಹೇಳಿಕೊಳ್ಳುವುದು ಧರ್ಮ.

ಕೆರೆಗಳ ಕಥೆಯೂ ಇದಕ್ಕೆ ಸಂಬಂಧಪಟ್ಟದ್ದೇ. ಪೇಟೆಗೂ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆಯ ಸುತ್ತಣ ತೋಟಗಳಲ್ಲಿ ತಿಗಳ ಸಮುದಾಯದವರು ತರಕಾರಿಯನ್ನೂ ಹೂವನ್ನೂ ಬೆಳೆದು ಎರಡು ಕಡೆಗೂ ಮಾರುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಹರಿದು ಬಂದ ಮೇಲೆ ಊರೊಳಗಣ ಕೆರೆಗಳು ಪೌರರ ಲಕ್ಷ್ಯದಿಂದ ಜಾರಿದವು. ಕುಡಿಯುವ ನೀರಿಗೆ ಬೇಡವಾದ ಕೆರೆ, ಕೃಷಿಕನಿಗೆ ಬೇಕಾಗಿದ್ದರೂ, ಖಾಲಿ ನೆಲವೆನಿಸಿಕೊಂಡಿತು. ಇಂದು ಆ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ತಿಗಳರ ಕರಗದ ವಿಧಿಗೆಂದು ಪಕ್ಕದಲ್ಲಿ ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ತೋಟಗಾರರ ಭೂಸಂಬಂಧ ಕಳೆದುಹೋಗಿ ಅವರ ಆಚರಣೆಯೊಂದೇ ಉಳಿದುಬಂದ ಈ ಬಗೆ, ಊರು ಬೆಳೆದ ರೀತಿಯನ್ನು ಯಾವ ದಾಖಲೆಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಐಕ್ಯದ ತರುವಾಯ

ದಂಡಿನ ಪ್ರದೇಶವನ್ನು ಮೈಸೂರಿಗೆ ಹಿಂತಿರುಗಿಸಬೇಕೆಂಬ ಮಾತು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಬಲವಾಗಿ ನಡೆದು, ಯುದ್ಧದ ಕಾರಣದಿಂದ ತಡವಾಗಿ, ಕೊನೆಗೆ 1947ರ ಜುಲೈ 26ರಂದು ನೆರವೇರಿತು. ಎರಡು ವರ್ಷಗಳ ಅನಂತರ, 1949ರ ಬೆಂಗಳೂರು ನಗರ ಕಾರ್ಪೊರೇಷನ್ ಕಾಯಿದೆಯಿಂದ, ಎರಡು ಪೌರಸಭೆಗಳು ಒಂದೇ ಮಹಾನಗರ ಸಂಸ್ಥೆಯಾದವು. ಎರಡು ಬಗೆಯ ನೌಕರವರ್ಗ, ಎರಡು ಬಗೆಯ ತೆರಿಗೆ ಪದ್ಧತಿ, ಎರಡು ಬಗೆಯ ಕಟ್ಟಡ ನಿಯಮಗಳು, ಕನ್ನಡವೇ ಪ್ರಧಾನವಾದ ಪೇಟೆ, ತಮಿಳು ಉರ್ದು ಇಂಗ್ಲಿಷುಗಳು ಬೆರೆತ ದಂಡು ಇವೆಲ್ಲವನ್ನೂ ಒಂದು ಸಭಾಂಗಣದಲ್ಲಿ ಕೂಡಿಸಿ ನಡೆಸಿದ ಆ ಮೊದಲ ತಲೆಮಾರಿನ ಸದಸ್ಯರಿಗೂ ನೌಕರರಿಗೂ ಈ ಊರು ಋಣಿಯಾಗಿದೆ.

ಆದರೆ ಆಡಳಿತದ ಐಕ್ಯವು ಭೂಮಿಯ ಐಕ್ಯವಾಗಲಿಲ್ಲ. ಸೈನ್ಯದ ವಿಶಾಲವಾದ ನೆಲ ಊರ ನಡುವೆ ಸೈನ್ಯಕ್ಕೇ ಉಳಿಯಿತು. ಬಂಗಲೆಗಳ ಕಾಂಪೌಂಡುಗಳು ಒಂದೊಂದಾಗಿ ಸಿರಿವಂತರ ಕೈಗೆ ಬಂದು ಎತ್ತರದ ಕಟ್ಟಡಗಳಿಗೆ ಎಡೆಗೊಟ್ಟವು. ವಿಸ್ತಾರವಾಗಿ ಹಂಚಿಕೆಯಾದ ನೆಲವೇ ಬೆಲೆಯುಳ್ಳ ನೆಲವಾದುದರಿಂದ, ಅಂದಿನ ಅಸಮಾನ ಹಂಚಿಕೆ ಇಂದಿನ ಅಸಮಾನ ಸಂಪತ್ತಾಗಿ ಪರಿಣಮಿಸಿತು. ಬಜಾರಿನ ಭಾಗಗಳಲ್ಲಿಯೂ ಹಳೆಯ ಕೂಲಿಕಾರರ ಕೇರಿಗಳಲ್ಲಿಯೂ ಅದೇ ಇಕ್ಕಟ್ಟು, ಅದೇ ಕಿರಿದಾದ ಚರಂಡಿ. ಇತ್ತ 1945ರಲ್ಲಿ ಏರ್ಪಟ್ಟ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಜಯನಗರ, ರಾಜಾಜಿನಗರಗಳಿಂದ ಮೊದಲ್ಗೊಂಡು ಹೊಸ ಬಡಾವಣೆಗಳನ್ನು ನಿರ್ಮಿಸಿತು; 1976ರಲ್ಲಿ ಆ ಕೆಲಸ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಸಂದಿತು. ಹಳ್ಳಿಗಳ ಹೊಲಗಳನ್ನು ಸ್ವಾಧೀನಪಡಿಸಿಕೊಂಡು, ಹಳ್ಳಿಯ ಮನೆಗಳ ಗುಂಪನ್ನು ಮಾತ್ರ ಗ್ರಾಮಠಾಣಾ ಎಂದು ಹಾಗೆಯೇ ಬಿಟ್ಟು, ಸುತ್ತಲೂ ನಿವೇಶನಗಳನ್ನು ಹಂಚುವ ಕ್ರಮ ಹಳೆಯ ದಂಡಿನ ಕ್ರಮದಿಂದ ತೀರ ಭಿನ್ನವಾದುದೇನಲ್ಲ: ನೆಲ ಊರಿಗೆ ಬೇಕು, ನೆಲದವರು ಊರಿನ ನಕ್ಷೆಗೆ ಬೇಡ. ಯಡಿಯೂರಿನಲ್ಲಿಯೋ ಬಿನ್ನಮಂಗಲದಲ್ಲಿಯೋ ನೇರವಾದ ಅಡ್ಡರಸ್ತೆ ಥಟ್ಟನೆ ಬಳುಕಿ ಇಕ್ಕಟ್ಟಾಗುವ ಎಡೆಯಲ್ಲಿ ನಿಂತು ನೋಡಿದರೆ, ಹಳ್ಳಿ ಮುಗಿದು ಬಡಾವಣೆ ಮೊದಲಾಗುವ ಆ ಅಂಚು ಕಣ್ಣಿಗೆ ಬೀಳುತ್ತದೆ.

ಕಾನೂನು ಪರಿಹಾರಕ್ಕೆ ಯತ್ನಿಸದಿರಲಿಲ್ಲ. 1954ರ ಇನಾಂ ರದ್ದಿಯಾತಿ ಕಾಯಿದೆ ಹಳೆಯ ಇನಾಂ ಹಕ್ಕುಗಳಲ್ಲಿ ಹಲವನ್ನು ಕೊನೆಗಾಣಿಸಿತು. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಪರರ ಪಾಲಾಗದಂತೆ 1978ರ ಪಿಟಿಸಿಎಲ್ ಕಾಯಿದೆ ನಿರ್ಬಂಧ ವಿಧಿಸಿತು. ಆದರೆ ಊರು ಬೆಳೆದು ಹೊಲದಂಚಿಗೆ ಬಂದಾಗ ಕಾಯಿದೆಗಿಂತ ಬೆಲೆಯೇ ಬಲವಾಗುತ್ತದೆ. ಕಂದಾಯ ಭೂಮಿಯಲ್ಲಿ ಬಡವರು ಕೊಂಡ ನಿವೇಶನಗಳಿಗೆ ಪೂರ್ಣ ಖಾತೆಯಿಲ್ಲ. ತೆರಿಗೆ ಕಟ್ಟಿಸಿಕೊಂಡು ‘ಬಿ’ ವಹಿಯಲ್ಲಿ ಹೆಸರು ಬರೆದುಕೊಂಡರೂ ಮಾಲಿಕತ್ವದ ಪೂರ್ಣ ಗೌರವವನ್ನು ಆ ಖಾತೆ ಕೊಡುವುದಿಲ್ಲ. ಒಂದೇ ಊರಿನಲ್ಲಿ ಎರಡು ಪೌರಸಭೆಗಳಿದ್ದ ಕಾಲ ಹೋಯಿತು; ಎರಡು ದರ್ಜೆಯ ಖಾತೆಗಳಿರುವ ಕಾಲ ಬಂದಿದೆ.

ಈ ಚರಿತ್ರೆಯಿಂದ ನಾವು ತಲುಪಬೇಕಾದ ತೀರ್ಮಾನ ಇದು. ನೆಲವನ್ನು ಹಂಚಿದವರು ಹೊರಟುಹೋದರೂ ಹಂಚಿಕೆ ಹೋಗುವುದಿಲ್ಲ. ಅದು ಬೀದಿಯ ಅಗಲದಲ್ಲಿ, ಚರಂಡಿಯ ಆಳದಲ್ಲಿ, ಖಾತೆಯ ವಹಿಯಲ್ಲಿ ಕುಳಿತು ತಾನಾಗಿಯೇ ಆಳುತ್ತಿರುತ್ತದೆ. ಅದನ್ನು ಮೊದಲು ಮಾಡಿದ ದೋಷ ಪರರದಾದರೆ, ಸ್ವಾತಂತ್ರ್ಯದ ಅನಂತರವೂ ಅದನ್ನು ಹಾಗೆಯೇ ಕಾಪಾಡಿಕೊಂಡು ಬಂದ ದೋಷ ನಮ್ಮದು. ಪೌರಸಂಸ್ಥೆಯ ಉತ್ಸವದ ಈ ಸಂದರ್ಭದಲ್ಲಿ ಅದರ ಸದಸ್ಯರಲ್ಲಿಯೂ ಅಧಿಕಾರಿಗಳಲ್ಲಿಯೂ ವಿನಂತಿಸುವುದಿಷ್ಟೇ: ಹಳೆಯ ಕೂಲಿಕೇರಿಗಳ, ಪೌರಕಾರ್ಮಿಕರ ಕಾಲೋನಿಗಳ, ಗ್ರಾಮಠಾಣಾಗಳ ಮನೆಮನೆಯ ನೆಲವನ್ನು ಅಳೆಯಿಸಿ, ಅಲ್ಲಿ ತಲೆಮಾರುಗಳಿಂದ ಬಾಳಿದವರ ಹೆಸರಿಗೆ ಪೂರ್ಣವಾದ ಹಕ್ಕುಪತ್ರ ಬರೆದುಕೊಡಿ, ಮುಂದಿನ ಬಡಾವಣೆಯ ನಕ್ಷೆ ತಯಾರಾಗುವಾಗ ಅದನ್ನು ಗುಡಿಸುವವರಿಗೂ ಅದರೊಳಗೆ ನಿವೇಶನವಿರುವಂತೆ ನಿಯಮ ಮಾಡಿ. 1949ರ ಕಾಯಿದೆ ಆರಂಭಿಸಿದ ಐಕ್ಯ ಪೂರ್ಣವಾಗುವುದು ಆ ಕೆಲಸದಿಂದಲೇ.